ಕಾರವಾರದಲ್ಲಿ ‘ದೆವ್ವದ ನಡಿಗೆ’ ಶುರು ಮಾಡಿದರೆ ಯಾರಾದರೂ ಬರ್ತೀರಾ?

ಕಾಳಿದಂಡೆ | ಶನಿವಾರ, ರಾತ್ರಿ 9:20

ಮೊನ್ನೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಟ್ಯಾಗೋರ್ ಬೀಚ್ ಆಯಿತು, ಯುದ್ಧನೌಕೆ ಮ್ಯೂಸಿಯಂ ಆಯಿತು, ದೇವಬಾಗದಲ್ಲಿ ಬೋಟ್ ಆಯಿತು. ಸಂಜೆ ಏಳಕ್ಕೆ ‘ಮಾಮಾ, ಈಗ ಏನು?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೂರ್ಯ ಮುಳುಗಿದ ಮೇಲೆ ನಮ್ಮೂರಲ್ಲಿ ಪ್ರವಾಸಿಗೆ ಇರುವುದು ಎರಡೇ ಕೆಲಸ. ಮೀನು ತಿನ್ನುವುದು, ಮಲಗುವುದು. (ಮೂರನೆಯದು ಗಡಿ ದಾಟಿ ಗೋವಾಕ್ಕೆ ಹೋಗುವುದು. ಅದನ್ನು ಬಿಡಿ.)

ಆಗ ಹೊಳೆದದ್ದು ಇದು. ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ 1973ರಿಂದ ರಾತ್ರಿ ಹೊತ್ತು ಜನರನ್ನು ಕರೆದುಕೊಂಡು ದೆವ್ವದ ಕಥೆ ಹೇಳುತ್ತಾ ಬೀದಿ ಸುತ್ತಿಸುತ್ತಾರೆ. ದೆಹಲಿಯ ಪ್ರವಾಸೋದ್ಯಮದವರೂ 2023ರಲ್ಲಿ ಮಾಲ್ಚಾ ಮಹಲ್‌ಗೆ ಇಂಥದ್ದೇ ನಡಿಗೆ ಶುರು ಮಾಡಿದರು. ನಮ್ಮಲ್ಲಿ ಏನು ಕಡಿಮೆ ಇದೆ? ಸದಾಶಿವಗಡದ ಕೋಟೆ ಇದೆ. ಕೋಡಿಬಾಗದಲ್ಲಿ ಖಾಪ್ರಿ ದೇವ ಇದ್ದಾನೆ. ಕುಸಿದುಬಿದ್ದ ಹಳೇ ಕಾಳಿ ಸೇತುವೆಯ ಜಾಗ ಇದೆ, ಕೂರ್ಮಗಡ ದ್ವೀಪದ ಬೋಟ್ ದುರಂತ ಇದೆ, ಸ್ವಲ್ಪ ದೂರ ಹೋದರೆ ಶಿರೂರು ಗುಡ್ಡ. ಎಂಟು ಹತ್ತು ಜನ, ಒಂದೂವರೆ ಗಂಟೆ, ತಲೆಗೆ ಇಷ್ಟು ಅಂತ ದುಡ್ಡು, ಕೊನೆಗೆ ಬಿಸಿ ಚಹಾ. ನನಗೆ ಕಥೆ ಹೇಳೋಕೆ ಬರುತ್ತೆ, ಶನಿವಾರ ರಾತ್ರಿ ಬಿಡುವೂ ಇದೆ.

ಏನಂತೀರಿ? ಬೈಯುವುದಿದ್ದರೆ ಈಗಲೇ ಬೈದುಬಿಡಿ, ಕರಪತ್ರ ಛಾಪಿಸಿದ ಮೇಲೆ ಬೇಡ.

ಬಂಗುಡೆ ಫ್ರೈ | ರಾತ್ರಿ 9:34

ರಾತ್ರಿ ಆ ರಸ್ತೆಯಲ್ಲಿ ನಡೆದರೆ ದೆವ್ವ ಸಿಗುತ್ತೋ ಇಲ್ಲವೋ, ಒಂಬತ್ತು ನಾಯಿ ಗ್ಯಾರಂಟಿ. ಟಿಕೆಟ್ ಜೊತೆ ಒಂದು ಕೋಲೂ ಕೊಡು.

ಅಂದ ಹಾಗೆ ಯುದ್ಧನೌಕೆ ಮ್ಯೂಸಿಯಂ ಒಳಗಿರುವ ಆ ಗೊಂಬೆ ನಾವಿಕರನ್ನು ನೋಡಿದ್ದೀರಾ? ಮೊದಲ ಸಲ ಹೋದಾಗ ಒಬ್ಬನಿಗೆ ‘ಸಾರ್, ಟಾಯ್ಲೆಟ್ ಎಲ್ಲಿ’ ಅಂತ ಕೇಳಿದ್ದೆ. ನಿನ್ನ ನಡಿಗೆ ಅಲ್ಲಿಂದಲೇ ಶುರುವಾಗಲಿ.

ಕಿಲ್ಟ್ ಹಾಕಿದ ಶಿರಸಿಯವ | ರಾತ್ರಿ 10:05

ಎಡಿನ್‌ಬರೋದಲ್ಲಿ ಇದ್ದು ಆರು ವರ್ಷ ಆಯಿತು, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಮಾತಾಡುವ ಹಕ್ಕು ಇದೆ ಅಂದುಕೊಳ್ಳುತ್ತೇನೆ. ಇಲ್ಲಿ ಸಂಜೆಯಾದರೆ ಹಳೇ ಪೇಟೆಯ ಬೀದಿಯಲ್ಲಿ ಕಪ್ಪು ಮೇಲಂಗಿ ಹಾಕಿದವರು ಬೋರ್ಡ್ ಹಿಡಿದು ನಿಂತಿರುತ್ತಾರೆ. ನಾನು ನಾಲ್ಕು ಸಲ ಹೋಗಿದ್ದೇನೆ. ಊರಿಂದ ಯಾರು ಬಂದರೂ ಕರೆದುಕೊಂಡು ಹೋಗಲೇಬೇಕು ತಾನೆ.

ಸೌತ್ ಬ್ರಿಜ್ ಅಂತ ಒಂದು ಸೇತುವೆ, 1788ರದ್ದು. ಅದಕ್ಕೆ 19 ಕಮಾನು. ಈಗ ಹೊರಗೆ ಕಾಣುವುದು ಒಂದೇ, ಉಳಿದದ್ದನ್ನೆಲ್ಲ ಕಟ್ಟಡಗಳು ಮುಚ್ಚಿಕೊಂಡಿವೆ. ಕಮಾನಿನ ಹೊಟ್ಟೆಯಲ್ಲಿ ಕೋಣೆಗಳು. ಮೊದಲು ಚಮ್ಮಾರರು, ವ್ಯಾಪಾರಿಗಳು ಇದ್ದರು. ನೀರು ಸೋರತೊಡಗಿದ ಮೇಲೆ ಅವರು ಬಿಟ್ಟರು, ಬೇರೆ ಗತಿಯಿಲ್ಲದವರು ಬಂದು ಸೇರಿಕೊಂಡರು. ಒಳಗೆ ನಿಂತರೆ ನಮ್ಮ ಮಳೆಗಾಲದ ಅಟ್ಟದ ವಾಸನೆ. ಗೈಡ್ ಮೇಣದಬತ್ತಿ ಹಿಡಿದು ತೀರಾ ಮೆಲ್ಲಗೆ ಮಾತಾಡುತ್ತಾನೆ. ಎಲ್ಲರೂ ಮುಂದೆ ಬಗ್ಗಿ ಕೇಳುತ್ತಿರುವಾಗ ಕತ್ತಲಿಂದ ಯಾರೋ ಧಡ್ ಅಂತ ಹಾರುತ್ತಾರೆ. ಅದೊಂದು ಸಂಬಳದ ಕೆಲಸ! ಇಲ್ಲಿನ ಮಾತಲ್ಲಿ ‘ಜಂಪರ್ ಊಟರ್’ ಅನ್ನುತ್ತಾರೆ.

ಆದರೆ ಮನೆಗೆ ಬಂದ ಮೇಲೆ ತಲೆಯಲ್ಲಿ ಉಳಿಯುವುದು ಆ ಹಾರಿದವನಲ್ಲ. ನನಗೆ ಇಷ್ಟವಾದ ದೆವ್ವ ಯಾರ್ಕ್‌ನದ್ದು. 1953ರಲ್ಲಿ ಹ್ಯಾರಿ ಮಾರ್ಟಿಂಡೇಲ್ ಅನ್ನುವ ಹುಡುಗ ಟ್ರೆಷರರ್ಸ್ ಹೌಸ್ ಎಂಬ ಹಳೇ ಮನೆಯ ನೆಲಮಾಳಿಗೆಯಲ್ಲಿ ಬಿಸಿನೀರಿನ ಕೊಳವೆ ಕೂರಿಸುತ್ತಿದ್ದ. ಏಣಿ ಮೇಲೆ ನಿಂತಿದ್ದಾಗ ತುತ್ತೂರಿ ಸದ್ದು. ಗೋಡೆಯಿಂದ ಒಂದು ಕುದುರೆ ಹೊರಗೆ ಬಂತು, ಹಿಂದೆ ರೋಮನ್ ಸೈನಿಕರು. ದಣಿದವರು, ಮುಖ ಬಾಡಿದವರು. ಅವರಿಗೆ ಮೊಣಕಾಲಿನಿಂದ ಕೆಳಗೆ ಕಾಲೇ ಇಲ್ಲ! ನೆಲ ಅಗೆದ ಒಂದು ಜಾಗಕ್ಕೆ ಬಂದಾಗ ಮಾತ್ರ ಪೂರ್ತಿ ಕಾಲು ಕಂಡಿತಂತೆ. ಯಾಕೆಂದರೆ ಹಳೇ ರೋಮನ್ ರಸ್ತೆ ಇದ್ದದ್ದು ಈಗಿನ ನೆಲಕ್ಕಿಂತ ಅಷ್ಟು ಕೆಳಗೆ. ಹುಡುಗ ಮುಂದೆ ಪೊಲೀಸ್ ಆದ. ಕಥೆ ಬದಲಿಸಲಿಲ್ಲ.

ನಂಬಿ ಬಿಡಿ, ಆ ಮೊಣಕಾಲು ನೋಡಿ. ಆ ಊರಿನ ನೆಲ ಎಷ್ಟು ಏರಿದೆ ಅಂತ ದೆವ್ವವೇ ಅಳತೆ ಕೊಡುತ್ತಿದೆ. ನಿನ್ನ ನಡಿಗೆಯಲ್ಲಿ ಇಂಥದ್ದು ಒಂದು ಇದ್ದರೆ ಸಾಕು ಮಾರಾಯ.

ಬಂಗುಡೆ ಫ್ರೈ | ರಾತ್ರಿ 10:11

ಜಂಪರ್ ಊಟರ್ ಅಂದರೆ ಹಾರಿ ಬಂದು ಊಟ ಮಾಡೋರು ಅಂದುಕೊಂಡೆ. ಆ ಕೆಲಸಕ್ಕೆ ನಾನು ರೆಡಿ.

ತುಳಸಿಕಟ್ಟೆ | ರಾತ್ರಿ 10:48

ಕಾಳಿದಂಡೆಯವರೇ, ಬೈಯಿರಿ ಅಂದಿರಲ್ಲ, ಬೈಯುತ್ತೇನೆ.

ಕೂರ್ಮಗಡದ ಜಾತ್ರೆಯಿಂದ ವಾಪಸ್ ಬರುವಾಗ ಬೋಟ್ ಮುಳುಗಿದ್ದು 2019ರ ಜನವರಿ 21ಕ್ಕೆ. 16 ಜನ ಹೋದರು. ಮಕ್ಕಳು ಇದ್ದರು. ಶಿರೂರು ಗುಡ್ಡ ಕುಸಿದದ್ದು 2024ರ ಜುಲೈ 16ಕ್ಕೆ. ಗಂಗಾವಳಿ ಹೊಳೆಯಲ್ಲಿ ಎರಡು ತಿಂಗಳಿಗೂ ಜಾಸ್ತಿ ಹುಡುಕಿದರು. ದಂಡೆಯ ಮೇಲೆ ಆ ಮನೆಯವರು ಕೂತಿದ್ದನ್ನು ಟೀವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಅಲ್ಲಿ ನಿಂತು ತಲೆಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ದೆವ್ವದ ಕಥೆ ಹೇಳುತ್ತೀರಾ? ಕೇಳುವವರ ನಡುವೆ ಅವರ ಪೈಕಿ ಒಬ್ಬರು ಇದ್ದರೆ?

ಕಾಳಿ ಸೇತುವೆ ಬೇರೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಅದು ಬಿತ್ತು. ಹೊಳೆಗೆ ಬಿದ್ದ ಲಾರಿಯ ಚಾಲಕ ಬದುಕಿದ. ಅದನ್ನು ಬೇಕಾದರೆ ಹೇಳಿ. ಕತ್ತಲಲ್ಲಿ ಹೊಳೆಯ ನಡುವೆ ಲಾರಿಯ ಮೇಲೆ ಕೂತು ಕೂಗಿದ ಮನುಷ್ಯನ ಕಥೆ ಅದು. ದೆವ್ವ ಬೇಕಾಗಿಯೇ ಇಲ್ಲ.

ಕಾಳಿದಂಡೆ | ರಾತ್ರಿ 11:02

ತಪ್ಪಾಯಿತು. ಬರೆಯುವಾಗ ಜಾಗಗಳ ಪಟ್ಟಿ ಅಂತ ಬರೆದೆ, ಜನ ಅಂತ ಯೋಚಿಸಲಿಲ್ಲ. ಕೂರ್ಮಗಡ, ಶಿರೂರು ಎರಡೂ ಬೇಡ. ಮೊದಲ ಪೋಸ್ಟ್ ತಿದ್ದಲ್ಲ, ಹಾಗೇ ಇರಲಿ, ಮುಂದೆ ಓದುವವರಿಗೆ ನೀವು ಬೈದದ್ದು ಯಾಕೆ ಅಂತ ಗೊತ್ತಾಗಲಿ.

ಆದರೆ ಒಂದು ಪ್ರಶ್ನೆ. ಎಷ್ಟು ವರ್ಷ ಆದಮೇಲೆ ಸಾವು ಕಥೆಯಾಗುತ್ತೆ?

ಕಿಲ್ಟ್ ಹಾಕಿದ ಶಿರಸಿಯವ | ರಾತ್ರಿ 11:20

ಇಲ್ಲಿ ಬರ್ಕ್ ಮತ್ತು ಹೇರ್ ಅಂತ ಇಬ್ಬರು ಇದ್ದರು. 1828ರಲ್ಲಿ 16 ಜನರನ್ನು ಕೊಂದು, ಹೆಣಗಳನ್ನು ಅಂಗರಚನೆ ಪಾಠಕ್ಕೆ ಮಾರಿದರು. ಈಗ ಅವರ ಹೆಸರಲ್ಲಿ ಜೋಕ್ ಇದೆ, ಮಕ್ಕಳ ಪದ್ಯ ಇದೆ. ಸತ್ತ 16 ಜನರ ಹೆಸರನ್ನು ನಾಲ್ಕು ನಡಿಗೆಯಲ್ಲಿ ಒಬ್ಬ ಗೈಡ್ ಕೂಡ ಪೂರ್ತಿ ಹೇಳಿದ್ದು ನಾನು ಕೇಳಿಲ್ಲ. ಇನ್ನೂರು ವರ್ಷಕ್ಕೆ ಹತ್ತಿರ ಆಯಿತು, ಸರಿಯೇ. ಆದರೂ ನನಗೆ ಅಲ್ಲಿ ನಗು ಬರುವುದಿಲ್ಲ. ಹಾಗಾಗಿ ನಿನ್ನ ಪ್ರಶ್ನೆಗೆ ವರ್ಷದ ಲೆಕ್ಕ ನಾನು ಕೊಡಲ್ಲ.

ಸೂಡಿ ಬೆಳಕು | ಭಾನುವಾರ, ಬೆಳಿಗ್ಗೆ 6:15

ಬೆಳಿಗ್ಗೆ ಎದ್ದು ಓದಿದೆ. ನಿಮಗೆಲ್ಲ ರಾತ್ರಿ ನಿದ್ದೆ ಬರುವುದಿಲ್ಲವೇ?

ಮಕ್ಕಳೇ, ನಾವು ಸಣ್ಣವರಿದ್ದಾಗ ದುಡ್ಡು ಕೊಡದೆ ಇಂಥ ನಡಿಗೆ ಎಷ್ಟು ಮಾಡಿದ್ದೇವೆ. ಹೊನ್ನಾವರದ ಬದಿಯ ಹಳ್ಳಿ ನಮ್ಮದು. ಆಟ ಅಂದರೆ ಯಕ್ಷಗಾನ. ರಾತ್ರಿ ಒಂಬತ್ತಕ್ಕೆ ಚಂಡೆ ಕೇಳಿದರೆ ಮುಗಿಯುವುದು ಬೆಳಕು ಹರಿದ ಮೇಲೆ. ಆದರೆ ಸಣ್ಣ ಮಕ್ಕಳು ಇದ್ದರೆ ನಡುವೆಯೇ ಎದ್ದು ಬರಬೇಕು. ನಾಲ್ಕು ಮೈಲಿ ಗದ್ದೆ ಬದು, ಬೆಟ್ಟದ ದಾರಿ, ಒಂದು ಸಂಕ (ಕಾಲುಸೇತುವೆ). ಕೈಯಲ್ಲಿ ಸೂಡಿ.

ಸೂಡಿ ಗೊತ್ತಿಲ್ಲದವರಿಗೆ: ಒಣಗಿದ ತೆಂಗಿನ ಗರಿಯನ್ನು ಉದ್ದಕ್ಕೆ ಒಟ್ಟು ಮಾಡಿ ಅಲ್ಲಲ್ಲಿ ಬಿಗಿದು ಕಟ್ಟುವುದು. ತುದಿಗೆ ಬೆಂಕಿ. ಸುಮ್ಮನೆ ಹಿಡಿದರೆ ಕೆಂಡ ಮಾತ್ರ, ಬೀಸಿದರೆ ಭಗ್ಗನೆ ಬೆಳಕು. ಆ ಬೆಳಕಿಗೆ ಒಂದು ಲಯ ಇದೆ. ಬೀಸಿದಾಗ ಹತ್ತು ಹೆಜ್ಜೆ ದಾರಿ ಕಾಣುತ್ತೆ, ಮತ್ತೆ ಕಪ್ಪು. ಆ ಕಪ್ಪಿನಲ್ಲಿ ನೋಡಿದ ದಾರಿಯನ್ನು ನೆನಪಿಟ್ಟು ನಡೆಯಬೇಕು. ಮುಂದೆ ಅಪ್ಪ, ನಡುವೆ ನಾವು, ಕೊನೆಯಲ್ಲಿ ಚಿಕ್ಕಪ್ಪ. ಕೊನೆಯಲ್ಲಿ ಯಾವತ್ತೂ ಮಕ್ಕಳನ್ನು ಬಿಡುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು. ಮೂರು ಸಲ ಕರೆದರೆ ಮನುಷ್ಯ, ಒಂದೇ ಸಲ ಕರೆದರೆ ಅಲ್ಲ. ಈಗಲೂ ಮೊಬೈಲ್ ಮೊದಲ ರಿಂಗಿಗೆ ನಾನು ಎತ್ತುವುದಿಲ್ಲ. ನಗಬೇಡಿ.

ದೂರದ ಬಯಲಲ್ಲಿ ಇನ್ನೊಂದು ಬೆಳಕು ಆಡುತ್ತಿದ್ದರೆ ಕೊಳ್ಳಿದೆವ್ವ ಅನ್ನುತ್ತಿದ್ದರು. ಒಮ್ಮೆ ಅದು ನಮ್ಮ ಕಡೆಗೇ ಬಂತು. ಅಪ್ಪ ನಿಂತ. ಅದೂ ನಿಂತಿತು. ಅಪ್ಪ ಸೂಡಿ ಬೀಸಿದ. ಅದೂ ಬೀಸಿತು. ಹತ್ತು ನಿಮಿಷ ಆದಮೇಲೆ ಆ ಕಡೆಯಿಂದ ‘ಯಾರದು?’ ಅಂತ ಮೂರು ಸಲ ಕೂಗು. ಪಕ್ಕದ ಕೇರಿಯವರು! ಅವರೂ ಆಟ ಬಿಟ್ಟು ಹೊರಟವರು, ನಮ್ಮನ್ನು ಕೊಳ್ಳಿದೆವ್ವ ಅಂದುಕೊಂಡು ನಿಂತಿದ್ದರು.

ಕಾಳಿದಂಡೆ, ನಿನಗೆ ಹೇಳುವುದು ಇಷ್ಟೇ. ಸ್ಕಾಟ್ಲೆಂಡಿನಲ್ಲಿ ದೆವ್ವ ಅಂದರೆ ಮನೆಯವರು ಬಿಟ್ಟುಹೋದ ದೆವ್ವ. ನಮ್ಮಲ್ಲಿ ಹಾಗಲ್ಲ. ಚೌಡಿಗೆ ಮರ ಇದೆ, ಜಟಗನಿಗೆ ಕಟ್ಟೆ ಇದೆ, ಮಾಸ್ತಿಗೆ ಕಲ್ಲು ಇದೆ. ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಾರೆ, ಕೋಳಿ ಕೊಡುತ್ತಾರೆ. ಕೊಡದಿದ್ದರೆ ದನ ಹಾಲು ಕೊಡಲ್ಲ ಅನ್ನುತ್ತಾರೆ. ಇವರೆಲ್ಲ ನಮಗೆ ನೆಂಟರ ಹಾಗೆ, ಸ್ವಲ್ಪ ಸಿಟ್ಟಿನ ನೆಂಟರು. ನೆಂಟರ ಮನೆಗೆ ಟಿಕೆಟ್ ಇಟ್ಟು ಜನರನ್ನು ಕರೆದುಕೊಂಡು ಹೋಗುತ್ತೀಯಾ?

ಸೋದೆ ಸೀಮೆ | ಬೆಳಿಗ್ಗೆ 8:40

ಸೂಡಿ ಮಾವ ಹೇಳಿದ್ದಕ್ಕೆ ಸೋದೆಯೇ ಸಾಕ್ಷಿ. ಶಿರಸಿಯಿಂದ ವಾದಿರಾಜ ಮಠಕ್ಕೆ ಹೋದವರೆಲ್ಲ ಭೂತರಾಜರಿಗೆ ಕೈಮುಗಿದೇ ಬರುವುದು. ಅವರು ಯಾರು? ಬ್ರಹ್ಮರಾಕ್ಷಸ! ಕಥೆ ಪ್ರಕಾರ ಗುರುಗಳ ಶಿಷ್ಯನೇ ಶಾಪಕ್ಕೆ ಸಿಕ್ಕಿ ಹಾಗಾದದ್ದು. ಕಾಡಿನಲ್ಲಿ ಹೋಗುವವರನ್ನು ತಡೆದು ಸಂಸ್ಕೃತದಲ್ಲಿ ಒಗಟು ಕೇಳುತ್ತಿದ್ದ. ಆಷಾಢ, ಕಾರ್ತಿಕ, ಮಾಘ, ವೈಶಾಖದಲ್ಲಿ ಸ್ನಾನ ಮಾಡದವರು ಯಾರು ಅಂತ. ಉತ್ತರ ಬರದವರನ್ನು ನುಂಗುತ್ತಿದ್ದ. ವಾದಿರಾಜರು ಉತ್ತರ ಕೊಟ್ಟರು. ಆ ಉತ್ತರ ಒಂದು ಬೈಗುಳ, ಇಲ್ಲಿ ಬರೆಯಲ್ಲ, ಮನೆಯ ಹಿರಿಯರನ್ನು ಕೇಳಿ. ಆಮೇಲೆ ಅದೇ ರಾಕ್ಷಸ ಗುರುಗಳ ಪಲ್ಲಕ್ಕಿ ಹೊತ್ತ, ಬದರಿಯಿಂದ ತ್ರಿವಿಕ್ರಮನ ಮೂರ್ತಿಯನ್ನು ರಥ ಸಮೇತ ತಂದ ಅನ್ನುತ್ತಾರೆ. ವಾದಿರಾಜರು ವೃಂದಾವನ ಸೇರಿದ್ದು 1600ರಲ್ಲಿ. ಕಾವಲು ಇನ್ನೂ ನಡೆಯುತ್ತಿದೆ.

ನಮ್ಮ ಮನೆಯಲ್ಲಿ ಯಾರಾದರೂ ರಾತ್ರಿ ದೂರ ಹೊರಟರೆ ಅಜ್ಜಿ ‘ಭೂತರಾಜರಿಗೆ ಹೇಳಿ ಹೋಗು’ ಅನ್ನುತ್ತಿದ್ದಳು. ದೆವ್ವದ ಹೆದರಿಕೆಗೆ ದೆವ್ವವನ್ನೇ ಜೊತೆಗೆ ಕಳಿಸುವುದು. ಇದನ್ನು ಲಂಡನ್ನಿನವರಿಗೆ ಹೇಗೆ ವಿವರಿಸುತ್ತೀಯೋ ನೋಡು.

ಕಿಲ್ಟ್ ಹಾಕಿದ ಶಿರಸಿಯವ | ಬೆಳಿಗ್ಗೆ 9:02

ನನ್ನ ಪರ್ಸಿನಲ್ಲಿ ಇನ್ನೂ ಮಠದ ಮಂತ್ರಾಕ್ಷತೆ ಇದೆ. ನೆಲಮಾಳಿಗೆಗೆ ಇಳಿಯುವಾಗ ಪರ್ಸ್ ಮುಟ್ಟಿ ನೋಡಿಕೊಂಡಿದ್ದೆ. ಲಂಡನ್ ಅಲ್ಲ, ಎಡಿನ್‌ಬರೋ. ಇಲ್ಲಿ ಅದನ್ನು ಹೇಳಿದರೆ ನಿಜವಾಗಿಯೂ ಕೊಲೆ ಆಗುತ್ತೆ.

ಮೆಣಸಿನ ರಾಣಿ | ಬೆಳಿಗ್ಗೆ 10:30

ಕುಮಟಾದಿಂದ. ಶಾಲೆಯಲ್ಲಿ ಇತಿಹಾಸ ಹೇಳುತ್ತೇನೆ, ಆದ್ದರಿಂದ ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಯಾರಾದರೂ ಮಿರ್ಜಾನ್ ಕೋಟೆಯ ಹೆಸರು ತೆಗೆಯುತ್ತಾರೆ ಅಂತ ಕಾಯುತ್ತಿದ್ದೆ, ತೆಗೆಯಲಿಲ್ಲ, ಸಂತೋಷ. ಮಳೆಗಾಲ ಮುಗಿದರೆ ಸಾಕು, ಕ್ಯಾಮೆರಾ ಹಿಡಿದ ಹುಡುಗರು ಬಂದು ‘ಇಲ್ಲಿ ರಾತ್ರಿ ರಾಣಿಯ ಗೆಜ್ಜೆ ಸದ್ದು’ ಅಂತ ರೀಲ್ ಮಾಡುತ್ತಾರೆ. ಆ ರಾಣಿ ಗೇರುಸೊಪ್ಪೆಯ ಚೆನ್ನಭೈರಾದೇವಿ. 1552ರಿಂದ 1606ರವರೆಗೆ ಆಳಿದವಳು. 54 ವರ್ಷ! ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಅಂದರು, ಯಾಕೆಂದರೆ ಕರಿಮೆಣಸು ಬೇಕಾದರೆ ಅವಳ ಬಾಗಿಲಿಗೇ ಬರಬೇಕಿತ್ತು. ಕೊನೆಗೆ ಕೆಳದಿಯವರ ಕೈಗೆ ಸಿಕ್ಕಿ ಇಕ್ಕೇರಿಯಲ್ಲಿ ಸೆರೆಯಲ್ಲೇ ತೀರಿಕೊಂಡಳು ಅನ್ನುತ್ತಾರೆ. ಅಷ್ಟು ದೊಡ್ಡ ಹೆಂಗಸಿಗೆ ನಾವು ಕೊಟ್ಟದ್ದು ಗೆಜ್ಜೆ ಸದ್ದು. ಗಂಡು ಅರಸರು ಸತ್ತರೆ ಸ್ಮಾರಕ, ರಾಣಿ ಸತ್ತರೆ ಮೋಹಿನಿ. ಇದು ಯಾವ ನ್ಯಾಯ?

ಕೋಟೆ ಪುರಾತತ್ವ ಇಲಾಖೆಯದ್ದು, ಕತ್ತಲಾದ ಮೇಲೆ ಒಳಗೆ ಬಿಡುವುದಿಲ್ಲ, ಅದೂ ಒಳ್ಳೆಯದೇ. ಹುಲ್ಲಿನಲ್ಲಿ ಮುಚ್ಚಿಕೊಂಡ ಬಾವಿ, ಹೊಂಡಗಳಿವೆ. ಹಗಲಲ್ಲೇ ಕಾಲು ಜಾರುತ್ತೆ. ಚಿರೇಕಲ್ಲಿನ ಮೇಲೆ ಪಾಚಿ ಬೆಳೆದರೆ ಅದಕ್ಕಿಂತ ದೊಡ್ಡ ದೆವ್ವ ಬೇಡ.

ಭಟ್ಕಳ ಬಜಾರು | ಮಧ್ಯಾಹ್ನ 1:15

ನಿಮಗೆ ಹಳೆಯ ಸಾವು ತಾನೆ ಬೇಕು? ನಮ್ಮೂರಿಗೆ ಬನ್ನಿ. 1637–38ರ ಇಂಗ್ಲಿಷರ ಸಮಾಧಿ ಕಲ್ಲುಗಳು ಭಟ್ಕಳದ್ದು. ಮೆಣಸಿಗಾಗಿ ಸಮುದ್ರ ದಾಟಿ ಬಂದು ಇಲ್ಲಿಯೇ ಮಣ್ಣಾದವರು. ಇಬ್ಬರು ಸತ್ತದ್ದು ಒಂದೇ ದಿನದ ಅಂತರದಲ್ಲಿ.

ಇದಕ್ಕೆ ಅಂಟಿಕೊಂಡು ಒಂದು ರೋಚಕ ಕಥೆಯೂ ಇದೆ. ಕ್ಯಾಪ್ಟನ್ ಹ್ಯಾಮಿಲ್ಟನ್ ಅನ್ನುವವ ಬರೆದದ್ದು. ಇಂಗ್ಲಿಷರ ನಾಯಿಯೊಂದು ದೇವಸ್ಥಾನದ ಹಸುವನ್ನು ಕೊಂದಿತಂತೆ, ಜನ ಎದ್ದು ಅವರ ವ್ಯಾಪಾರದ ಕೋಠಿಯಲ್ಲಿದ್ದ 18 ಜನರನ್ನೂ ಕೊಂದರಂತೆ, ಎಲ್ಲರಿಗೂ ಒಂದೇ ಗುಂಡಿ. ಗೈಡ್‌ಗಳಿಗೆ ಇಂಥದ್ದು ಸಿಕ್ಕರೆ ಹಬ್ಬ. ಆದರೆ ಕಲ್ಲಿನ ಮೇಲಿನ ಇಸವಿಗೂ ಆ ಕಥೆಯ ಇಸವಿಗೂ ಮೂವತ್ತು ವರ್ಷಕ್ಕೂ ಹೆಚ್ಚಿನ ಅಂತರ. ಕಲ್ಲು ಒಂದು ಹೇಳುತ್ತೆ, ಕ್ಯಾಪ್ಟನ್ ಇನ್ನೊಂದು. ನಾನು ಕಲ್ಲಿನ ಕಡೆ. ಜ್ವರಕ್ಕೆ ಹೋಗಿರಬಹುದಾದವರನ್ನು ಗಲಭೆಯಲ್ಲಿ ಕೊಲ್ಲಿಸುವುದು ಯಾಕೆ? ಅದೂ ನಮ್ಮೂರಿನ ಹೆಸರಲ್ಲಿ? ಭಟ್ಕಳ ಅಂದರೆ ಗಲಭೆ ಅಂತ ಈಗಲೇ ಸಾಕಷ್ಟು ಜನ ಹೇಳಿಕೊಂಡು ತಿರುಗುತ್ತಾರೆ.

ಕೋರ್ಟ್ ರಸ್ತೆ | ಮಧ್ಯಾಹ್ನ 2:00

ಚಿಕ್ಕದಾಗಿ. ರಾಜ್ಯದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ ಇದೆ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಹಿಂಸೆ ಕೊಡುವುದು ಅಪರಾಧ. ಕಥೆ ಹೇಳುವುದು ಅಪರಾಧವಲ್ಲ. ಆದರೆ ‘ನಿಮಗೆ ಬಡಿದಿದೆ, ನಾನು ಪರಿಹಾರ ಮಾಡುತ್ತೇನೆ’ ಅಂತ ಮಾತು ಜಾರಿದರೆ ಆಗ ನನ್ನ ಹತ್ತಿರ ಬರಬೇಕಾಗುತ್ತೆ. ಫೀಸು ಜಾಸ್ತಿ.

ಕಾಡುಪಾಪ | ಸಂಜೆ 5:25

ಕಾಡು ಸುತ್ತುವವನು ನಾನು, ಮನೆ ಶಿರಸಿ ಹತ್ತಿರ. ನಮ್ಮ ಜಿಲ್ಲೆಯ ಮುಕ್ಕಾಲು ಪಾಲು ಕಾಡು, ಹಾಗಾಗಿ ಮುಕ್ಕಾಲು ಪಾಲು ದೆವ್ವಗಳು ನನ್ನ ಇಲಾಖೆ.

ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಹಸಿರು ಬೆಳಕು ಕಂಡರೆ ಅದು ಹೊಳೆಯುವ ಅಣಬೆ. ಟಾರ್ಚ್ ಆರಿಸಿ ಐದು ನಿಮಿಷ ಕಾಯಬೇಕು, ಆಮೇಲೆ ಒಂದೊಂದಾಗಿ ಕಾಣಿಸುತ್ತೆ. ಸಮುದ್ರದ ಅಲೆಯಲ್ಲಿ ನೀಲಿ ಬೆಳಕು ಕಂಡರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಕೆಲಸ. ಮಾಡಿನ ಮೇಲೆ ಮಧ್ಯರಾತ್ರಿ ಯಾರೋ ನಡೆದ ಸದ್ದು ಪುನುಗು ಬೆಕ್ಕು. ಹೆಂಗಸು ಚೀರಿದ ಹಾಗೆ ಕೇಳಿದರೆ ದೊಡ್ಡ ಗೂಬೆ. ಇಷ್ಟು ಗೊತ್ತಿದ್ದೂ ಒಂದು ರಾತ್ರಿ ಆ ಗೂಬೆ ತಲೆಯ ಮೇಲೇ ಕೂಗಿದಾಗ ನಾನು ಬೈಕ್ ಬಿಟ್ಟು ಓಡಿದ್ದೇನೆ. ಗೊತ್ತಿರುವುದು ತಲೆಗೆ, ಓಡುವುದು ಕಾಲು.

ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ 1998ರಲ್ಲಿ ಒಂದು ಲೇಖನ ಬರೆದ. ಪ್ರಯೋಗಾಲಯದಲ್ಲಿ ಬೂದು ಬಣ್ಣದ ಆಕೃತಿ ಕಂಡು ಬೆವತವನು ಅವನೇ. ಹುಡುಕಿದರೆ ಕಾರಣ ಒಂದು ಫ್ಯಾನು! ಅದು ಸೆಕೆಂಡಿಗೆ ಸುಮಾರು 19 ಸಲ ಕಂಪಿಸುತ್ತಿತ್ತು. ಕಿವಿಗೆ ಕೇಳಲ್ಲ, ಮೈಗೆ ಗೊತ್ತಾಗುತ್ತೆ. ಫ್ಯಾನ್ ನಿಲ್ಲಿಸಿದ ಮೇಲೆ ದೆವ್ವವೂ ಹೋಯಿತು.

ಕಾಳಿದಂಡೆ, ಸದಾಶಿವಗಡದ ಗುಡ್ಡಕ್ಕೆ ರಾತ್ರಿ ಜನರನ್ನು ಹತ್ತಿಸಬೇಡ. ಕೊಳಕುಮಂಡಲ ಹಾವು ನಿನ್ನ ಕಥೆ ಮುಗಿಯುವವರೆಗೆ ಕಾಯುವುದಿಲ್ಲ. ಮರಳ ಮೇಲೆ ನಡೆಸು.

ತುಳಸಿಕಟ್ಟೆ | ರಾತ್ರಿ 8:10

ನಿನ್ನೆ ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಮನೆ ಅರ್ಗಾದಲ್ಲಿ ಇತ್ತು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ನಾವು ಮನೆ ಬಿಟ್ಟು ಎದ್ದದ್ದು ಅದಾಗಿ ಎಷ್ಟೋ ವರ್ಷಕ್ಕೆ. ‘ಈ ವರ್ಷ ಹೋಗಬೇಕಂತೆ’ ಅನ್ನುವ ಮಾತಿನಲ್ಲೇ ನನ್ನ ಬಾಲ್ಯ ಮುಗಿಯಿತು. ಅಪ್ಪ ಮಾಡಿಗೆ ಹೊಸ ಹೆಂಚು ಹಾಕಿಸಲಿಲ್ಲ, ಹೇಗೂ ಹೋಗುವುದಲ್ಲ ಅಂತ. ಸೋರುವ ಕಡೆ ಬಕೆಟ್ ಇಡುತ್ತಿದ್ದೆವು. ಹೊರಟ ದಿನ ಅಮ್ಮ ತುಳಸಿ ಗಿಡವನ್ನು ಮಣ್ಣು ಸಮೇತ ಕಿತ್ತು ಡಬ್ಬಿಯಲ್ಲಿ ತಂದಳು, ಕಟ್ಟೆಯನ್ನು ತರಲಾಗಲಿಲ್ಲ. ಜಟಗನ ಕಲ್ಲನ್ನು ಏನು ಮಾಡುವುದು ಅಂತ ಕೇರಿಯವರು ಎರಡು ದಿನ ಕೂತು ಮಾತಾಡಿದರು.

ಈಗ ಆ ಕಡೆ ಬೇಲಿ. ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನೋಡುತ್ತೇನೆ. ನಿಮ್ಮ ಯಾರ್ಕ್ ಸೈನಿಕರ ಹಾಗೆ ನಾವೂ ಆ ಅಂಗಳದಲ್ಲಿ ಓಡಾಡುತ್ತಿರಬಹುದು, ಅಲ್ಲಿನ ಕಾವಲುಗಾರರಿಗೆ ಕಂಡರೆ ಕಾಣಲಿ.

ಸೂಪಾದವರು ಯಾರಾದರೂ ಇಲ್ಲಿ ಇದ್ದರೆ ಇದನ್ನು ಓದಿ ನಗಬಹುದು. ಅವರ ಊರು ಅಣೆಕಟ್ಟಿನ ನೀರಿನ ಅಡಿಯಲ್ಲಿ ಇದೆ. ನಮ್ಮದಕ್ಕೆ ಬೇಲಿಯಾದರೂ ಇದೆ.

ಬಂಗುಡೆ ಫ್ರೈ | ರಾತ್ರಿ 8:31

ಏನು ಬರೆಯಬೇಕು ಗೊತ್ತಾಗಲಿಲ್ಲ. ಓದಿದೆ ಅಂತ ಹೇಳೋಕೆ ಮಾತ್ರ ಬರೆದೆ.

ಕಾಳಿದಂಡೆ | ಎರಡು ವಾರದ ನಂತರ, ಭಾನುವಾರ ಬೆಳಿಗ್ಗೆ 11:40

ನಿನ್ನೆ ರಾತ್ರಿ ಒಂದು ಸಲ ನಡೆದು ನೋಡಿದೆವು. ಆರು ಜನ. ದುಡ್ಡು ಇಲ್ಲ, ಕರಪತ್ರ ಇಲ್ಲ. ಹೇಗಾಯಿತು ಅಂತ ಬರೆಯುತ್ತೇನೆ.

ಏಳೂವರೆಗೆ ಟ್ಯಾಗೋರ್ ಬೀಚಿನಿಂದ ಹೊರಟೆವು. ಕಿಲ್ಟ್ ಹೇಳಿದ ‘ಊಟರ್’ ಐಡಿಯಾ ತಲೆಯಿಂದ ಹೋಗಿರಲಿಲ್ಲ. ನಮ್ಮ ಬಂಗುಡೆಯನ್ನೇ ಗಾಳಿ ಮರಗಳ ಹಿಂದೆ ಕಂಬಳಿ ಹೊದ್ದು ನಿಲ್ಲಿಸಿದ್ದೆ. ನಾವು ಅಲ್ಲಿಗೆ ತಲುಪುವ ಮೊದಲೇ ನಾಯಿಗಳು ತಲುಪಿದವು. ನಮಗೆ ಕಂಡದ್ದು ಮರಳ ಮೇಲೆ ನೂರು ಮೈಲಿ ವೇಗದಲ್ಲಿ ಓಡುತ್ತಿರುವ ಒಂದು ಕಂಬಳಿ. ಹಿಂದೆ ನಾಲ್ಕು ನಾಯಿ. ಒಬ್ಬರಂತೂ ನಕ್ಕು ನಕ್ಕು ಮರಳಲ್ಲೇ ಕೂತರು. ಅಲ್ಲಿಗೆ ಹೆದರಿಸುವ ಭಾಗ ಮುಗಿಯಿತು.

ಕೋಡಿಬಾಗದ ಖಾಪ್ರಿ ದೇವಸ್ಥಾನದ ಹತ್ತಿರ ನಾನು ಜೋರು ದನಿಯಲ್ಲಿ ಶುರು ಮಾಡಿದೆ. ಆಫ್ರಿಕಾದಿಂದ ಬಂದವನೊಬ್ಬ ಇಲ್ಲಿ ದೇವರಾದ ಅನ್ನುವ ನಂಬಿಕೆ, ಅವನಿಗೆ ಜನ ಸಾರಾಯಿ, ಸಿಗರೇಟು, ಮೇಣದಬತ್ತಿ ಕೊಡುವುದು, ಎಲ್ಲ. ಪಕ್ಕದಲ್ಲಿ ಗೂಡಂಗಡಿ ಮುಚ್ಚುತ್ತಿದ್ದ ಅಜ್ಜಿಯೊಬ್ಬಳು ಕೊಂಕಣಿಯಲ್ಲಿ ಕೇಳಿದಳು, ‘ಏನು ನೋಡಲಿಕ್ಕೆ ಬಂದಿರಿ?’ ನಾನು ತಡವರಿಸಿ ‘ಕಥೆ ಹೇಳುತ್ತಿದ್ದೇನೆ’ ಅಂದೆ. ‘ದೇವರಿಗೆ ನಿದ್ದೆ ಇಲ್ಲ. ನಮಗೆ ಇದೆ. ಮೆಲ್ಲಗೆ ಹೇಳು’ ಅಂದಳು. ಆಮೇಲೆ ಅವಳೇ ಹೇಳಿದಳು, ನಾನಲ್ಲ. ಅವಳ ಗಂಡ ಮೀನಿಗೆ ಹೋಗುವಾಗ ಪ್ರತಿ ಸಲ ಒಂದು ಬೀಡಿ ಹಚ್ಚಿ ದೇವರ ಮುಂದೆ ಇಟ್ಟು ಹೋಗುತ್ತಿದ್ದನಂತೆ. ಬೀಡಿ ಕೊನೆಯವರೆಗೂ ಉರಿದರೆ ಸಮುದ್ರ ಒಳ್ಳೆಯದಿದೆ ಅಂತ. ನಡುವೆ ಆರಿದರೆ? ‘ಮತ್ತೆ ಹಚ್ಚುತ್ತಿದ್ದ. ಮನೆಯಲ್ಲಿ ಅಕ್ಕಿ ಬೇಕಲ್ಲ.’

ಇದನ್ನು ಎರಡು ವಾರ ಕೂತರೂ ನನಗೆ ಬರೆಯೋಕೆ ಬರುತ್ತಿರಲಿಲ್ಲ.

ಕೊನೆಗೆ ಕಾಳಿ ಸಮುದ್ರ ಸೇರುವ ಕಡೆ ಮರಳಿನ ಮೇಲೆ ನಿಂತು ಟಾರ್ಚ್ ಆರಿಸಿದೆವು. ಕಾಡುಪಾಪ ಹೇಳಿದ ಹಾಗೆ ಸುಮ್ನೆ ಕಾದೆವು. ಮೊದಲು ಉಳಿದಿರುವ ಹೊಸ ಸೇತುವೆ ಮೇಲಿನ ಲಾರಿಗಳ ಸದ್ದು ಮಾತ್ರ. ಆಮೇಲೆ ಒಣಮೀನಿನ ವಾಸನೆ. ಆಮೇಲೆ ನೀರು ಎಲ್ಲಿ ಹೊಳೆ, ಎಲ್ಲಿ ಸಮುದ್ರ ಅಂತ ಸದ್ದಿನಲ್ಲೇ ಗೊತ್ತಾಗತೊಡಗಿತು. ದೂರದಲ್ಲಿ ದೇವಗಡ ದ್ವೀಪದ ದೀಪ. 1864ರಿಂದ ಅಲ್ಲಿ ದೀಪಸ್ತಂಭ ಇದೆ.

ಅಲ್ಲಿ ಒಂದೇ ಕಥೆ ಹೇಳಿದೆ, ದೆವ್ವ ಇಲ್ಲದ್ದು. 1880ರ ದಶಕದ ಮೊದಲಲ್ಲಿ ಟ್ಯಾಗೋರರ ಅಣ್ಣ ಇಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತೊಂದು ಇಪ್ಪತ್ತೆರಡರ ತಮ್ಮ ಬಂದು ಉಳಿದಿದ್ದ. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ದೋಣಿಯಲ್ಲಿ ಕಾಳಿ ಹೊಳೆ ಮೇಲೆ ಹೋದರು, ಹಳೆಯ ಕೋಟೆ ನೋಡಿದರು, ವಾಪಸ್ ಬರುವಾಗ ಹೊಳೆಯ ಬಾಯಲ್ಲಿ ಇಳಿದು ಮರಳ ಮೇಲೆ ಮನೆಗೆ ನಡೆದರು. ಅವರೇ ಬರೆದುಕೊಂಡಿದ್ದಾರೆ. ಅಂದರೆ ನಾವು ನಿಂತಿದ್ದ ಆಸುಪಾಸಿನಲ್ಲೇ. ಯಾರೂ ಏನೂ ಹೇಳಲಿಲ್ಲ, ಎಲ್ಲರೂ ಕಾಲಡಿಯ ಮರಳು ನೋಡಿದರು.

ಹೆಸರು ಬದಲಿಸಿದೆ. ‘ಸೂಡಿ ನಡಿಗೆ’. ಸೂಡಿ ಮಾವ ಒಪ್ಪಿದರೆ ಮಾತ್ರ. ಗುಡ್ಡ ಹತ್ತುವುದಿಲ್ಲ. ಹತ್ತು ಜನಕ್ಕಿಂತ ಜಾಸ್ತಿ ಇಲ್ಲ. ಚಹಾ ಆ ಅಜ್ಜಿಯ ಅಂಗಡಿಯಲ್ಲಿ, ಅವಳಿಗೆ ಮೊದಲೇ ಹೇಳಿ ಹೋಗುವುದು. ಮುಂದಿನದು ಹುಣ್ಣಿಮೆ ಕಳೆದ ಶನಿವಾರ.

ಸೂಡಿ ಬೆಳಕು | ಮಧ್ಯಾಹ್ನ 12:20

ಒಪ್ಪಿದೆ. ಗರಿ ನಾನು ಕಟ್ಟಿ ಕಳಿಸುತ್ತೇನೆ, ನಿಮ್ಮ ಕೈಯಲ್ಲಿ ಕಟ್ಟಿದ್ದು ನಡುದಾರಿಯಲ್ಲಿ ಬಿಚ್ಚಿ ಹೋಗುತ್ತೆ. ಗಾಳಿಗೆ ಎದುರಾಗಿ ಬೀಸಬೇಡಿ. ಕೊನೆಯಲ್ಲಿ ದೊಡ್ಡವರೇ ಇರಲಿ.

ಬಂಗುಡೆ ಫ್ರೈ | ಮಧ್ಯಾಹ್ನ 12:26

ಕಂಬಳಿ ಸಿಕ್ಕಿದವರು ದಯವಿಟ್ಟು ತಿಳಿಸಿ. ಅಮ್ಮನದ್ದು.

ತುಳಸಿಕಟ್ಟೆ | ರಾತ್ರಿ 9:05

ನನ್ನದೊಂದು ಹೆಸರು ಬರೆದುಕೊಳ್ಳಿ. ಅಮ್ಮನೂ ಬರುತ್ತಾಳಂತೆ. ನಿಧಾನ ನಡೆಯುತ್ತಾಳೆ, ಪರವಾಗಿಲ್ಲವಾ?

ನೀವು ನಿಂತ ಆ ಜಾಗದಿಂದ ಅರ್ಗಾ ಕಡೆಯ ದೀಪ ಕಾಣುತ್ತಾ?

ಕಾಳಿದಂಡೆ | ರಾತ್ರಿ 9:11

ಅಮ್ಮನ ಲೆಕ್ಕದಲ್ಲೇ ನಡೆಯೋಣ.

ಇಲ್ಲ, ಕಾಣಲ್ಲ. ಬೈತಖೋಲ್ ಗುಡ್ಡ ಅಡ್ಡ ಬರುತ್ತೆ.

ತುಳಸಿಕಟ್ಟೆ | ರಾತ್ರಿ 9:14

ಗೊತ್ತು. ಸುಮ್ನೆ ಕೇಳಿದೆ.